ನೂರ ನಲವತ್ನಾಲ್ಕನೇ ದೂರು

ನನ್ನ ಅಜ್ಜಿ ಆಲ್ಬರ್ಟೀನ್ ಫಾಂಟನೋ ಆ ವರ್ಷ ನಗರದ ಕಚೇರಿಗೆ ನೂರ ನಲವತ್ಮೂರು ದೂರು ಕೊಟ್ಟಿದ್ದಳು. ಬಾಯಿ ಅವಳದು, ಬೆರಳು ನನ್ನವು. ಫೋನು ಮುಟ್ಟಿದವರ ವಯಸ್ಸನ್ನು ಅದು ಎಲ್ಲರಿಗೂ ಹೇಳಿಬಿಡುತ್ತದೆ ಎಂದು ಅವಳ ನಂಬಿಕೆ. ಹಾಗಾಗಿ ಅಡುಗೆಮನೆಯ ಕಿಟಕಿಯ ಬಳಿ ಚಿಕೋರಿ ಕಾಫಿ ಹಿಡಿದು ಕೂತು ಅವಳು ಹೇಳುತ್ತಿದ್ದಳು, ನಾನು ಒತ್ತುತ್ತಿದ್ದೆ. ದೂರಿಗೆ ಐನೂರು ಅಕ್ಷರಗಳ ಮಿತಿ. ಐನೂರು ಅಕ್ಷರದಲ್ಲಿ ಅಜ್ಜಿ ಗಂಟಲು ಕೂಡ ಸರಿಮಾಡಿಕೊಳ್ಳಲಾರಳು. ಅವಳು ಲೂಯಿಸಿಯಾನದ ಕೆಸರುನೀರಿನ ಕಡೆಯವಳು. ಪಾದ್ರಿಯ ಗಂಟೆಯನ್ನು ನುಂಗಿ ಭಾನುವಾರ ಭಾನುವಾರ ಹೊಟ್ಟೆಯೊಳಗಿಂದ ಢಣಢಣ ಎನ್ನುತ್ತಿದ್ದ ಮೊಸಳೆಯ ಕಥೆ ಹೇಳಲು ಅವಳಿಗೆ ಎರಡು ಸಂಜೆ ಬೇಕು. ನಾನು ಆ ಕಥೆಗಳನ್ನೇ ಅನ್ನದ ಹಾಗೆ ಉಂಡು ಬೆಳೆದವಳು. ಇಪ್ಪತ್ಮೂರು ತುಂಬಿದರೂ ಬಸ್ ಸ್ಟಾಪಿನಲ್ಲಿ ಮೋಡ ನೋಡುತ್ತ ಬಸ್ಸು ತಪ್ಪಿಸಿಕೊಳ್ಳುತ್ತೇನೆ. ಇಂಥವಳ ಕೈಗೆ ಸರ್ಕಾರಿ ಪತ್ರವ್ಯವಹಾರ ಕೊಟ್ಟದ್ದು ಅಜ್ಜಿಯ ಮೊದಲ ತಪ್ಪು.

ದೂರುಗಳೆಲ್ಲ ಎದುರು ಬದಿಯ ಸಾಲಿನ ಮೇಲೆ. ನಮ್ಮದು ಕ್ವಿನ್ಸ್ ಬೀದಿ. ಸೇತುವೆಯಾಚೆ ಸ್ಯಾನ್ ಫ್ರಾನ್ಸಿಸ್ಕೊ ಬೆಳಗುತ್ತದೆ, ಈಚೆ ನಾವು ಬಂದರಿನ ಕ್ರೇನುಗಳ ಗದ್ದಲ ಕೇಳಿಕೊಂಡು ಇರುತ್ತೇವೆ. ಬೀದಿಯ ಆ ಬದಿಗೆ ಮನೆಗಳಿಲ್ಲ, ಮುಚ್ಚಿದ ಕಾರ್ಖಾನೆಯ ಉದ್ದ ಗೋಡೆ ಇದೆ. ಆ ಗೋಡೆಗೆ ಒರಗಿ ಮೂರು ವ್ಯಾನು, ಎರಡು ಡೇರೆ, ಒಂದು ಸೋಫಾ, ಸಾಲಿನ ಮೊದಲಲ್ಲಿ ನೀಲಿ ತಾಡಪಾಲು ಹೊದ್ದ ಒಂದು ಮನೆಗಾಡಿ. ಅಂದರೆ ಒಲೆ ಮಂಚ ಎಲ್ಲ ಒಳಗೇ ಇರುವ, ಒಂದು ಕಾಲದಲ್ಲಿ ಶ್ರೀಮಂತರು ರಜೆಗೆ ಹೋಗುತ್ತಿದ್ದಂಥ ಗಾಡಿ. ಈಗ ಅದರಲ್ಲಿ ಟ್ವೈಲಾ ಮತ್ತು ಅವಳ ಹುಂಜ ಸಂಸಾರ ಮಾಡಿಕೊಂಡಿದ್ದರು.

ಟ್ವೈಲಾ ಅಂದರೆ ಆರಡಿ ಎರಡಿಂಚು. ಬಸ್ ಓಡಿಸಿ ನಿವೃತ್ತಳಾದವಳು, ಬಾಡಿಗೆ ಏರಿದಂತೆ ಮನೆಯಿಂದ ಮನೆಗೆ ಇಳಿಯುತ್ತ ಕೊನೆಗೆ ಚಕ್ರದ ಮೇಲೆ ಬಂದು ನಿಂತವಳು. ಅಜ್ಜಿ ಅವಳನ್ನು "ಆ ತಾಳೆಮರ" ಅನ್ನುತ್ತಿದ್ದಳು. ಅವಳು ಅಜ್ಜಿಯನ್ನು "ಮಿಸ್ ಕಿಟಕಿ" ಅನ್ನುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಕೇಳುವಷ್ಟು ಗಟ್ಟಿಯಾಗಿಯೇ ಅನ್ನುತ್ತಿದ್ದರು. ಎರಡು ವರ್ಷದಲ್ಲಿ ನೇರವಾಗಿ ಒಂದು ಮಾತೂ ಆಡಿರಲಿಲ್ಲ.

ನಗರದ ಕಾನೂನು ಹೀಗಿದೆ: ಯಾರಾದರೂ ದೂರು ಕೊಟ್ಟರೆ ಇನ್‌ಸ್ಪೆಕ್ಟರ್ ಬಂದು ಗಾಡಿಯ ಟೈರಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಾನೆ, ಗಾಜಿಗೆ ಕಿತ್ತಳೆ ಬಣ್ಣದ ಚೀಟಿ ಅಂಟಿಸುತ್ತಾನೆ. ಮೂರು ದಿನ ಬಿಟ್ಟು ಬಂದಾಗಲೂ ಗೆರೆ ಇದ್ದಲ್ಲೇ ಇದ್ದರೆ ಗಾಡಿಯನ್ನು ಎತ್ತಿಕೊಂಡು ಹೋಗಿ ಹಿಂಡಿ ಕಬ್ಬಿಣ ಮಾಡುತ್ತಾರೆ. ಅಜ್ಜಿಯ ಕಥೆಗಳಲ್ಲೂ ಎಲ್ಲದಕ್ಕೂ ಮೂರೇ ದಿನ. ಈ ಕಾನೂನು ಬರೆದವರೂ ಯಾರೋ ಅಜ್ಜಿಯ ಮಡಿಲಲ್ಲೇ ಬೆಳೆದಿರಬೇಕು.

ಎದುರು ಸಾಲಿನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಸೇರಿ ಡೇರೆ, ಸೋಫಾ ಹೊತ್ತು, ಗಾಡಿಗಳನ್ನು ಒಂದೊಂದಾಗಿ ನೂಕಿಕೊಂಡು ಮೂಲೆ ತಿರುಗಿ ಆಲ್ಡರ್ ಬೀದಿಗೆ ಹೋಗುತ್ತಿದ್ದರು. ಮೂರು ದಿನ ಕಳೆದ ಮೇಲೆ ಅದೇ ಮೆರವಣಿಗೆ ವಾಪಸ್ಸು. ಪ್ರತಿ ಗಾಡಿಯ ಸ್ಟೀರಿಂಗಿಗೂ ಟ್ವೈಲಾಳೇ ಕೂರಬೇಕು. ಹಳೇ ಅಭ್ಯಾಸ, ಕಿಟಕಿಯಿಂದ ತಲೆ ಹಾಕಿ ನಿಲ್ದಾಣಗಳ ಹೆಸರು ಕೂಗುತ್ತಿದ್ದಳು. "ಮುಂದಿನ ಸ್ಟಾಪ್, ಕೆಟ್ಟುಹೋದ ದೀಪದ ಕಂಬ! ಇಳಿಯೋರು ಇಳೀರಿ!" ನೂಕುವವರು ನಗುತ್ತ ಕೈ ಸಡಿಲಿಸಿ ಗಾಡಿ ಹಿಂದಕ್ಕೆ ಜಾರುತ್ತಿತ್ತು. ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಗೋಡೆ ಬರೀ ಗೋಡೆ. ನಮ್ಮ ದೂರುಗಳಿಗೆಲ್ಲ ಒಂದೇ ಉತ್ತರ: "ವಾಹನ ಸ್ಥಳದಲ್ಲಿಲ್ಲ. ದೂರು ಮುಗಿದಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?"

"ಒಂದು," ಅನ್ನುತ್ತಿದ್ದಳು ಅಜ್ಜಿ. "ಅರ್ಧ ಇಲ್ವಾ? ಇಲ್ದಿದ್ರೆ ಒಂದು."

ಮೆರವಣಿಗೆಯ ಲೆಕ್ಕ ಇಟ್ಟು, ಗಾಡಿ ಬಂದು ನಿಂತ ದಿನವೇ ದೂರು ತಲುಪುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಈ ಕೆಲಸ ಕೊಟ್ಟದ್ದು ಅಜ್ಜಿಯ ಎರಡನೇ ತಪ್ಪು.

ಇಷ್ಟಾದರೂ ನಮ್ಮ ಮನೆಯ ಮುಂದೆಯೇ ಏಳು ವರ್ಷದಿಂದ ಅಲ್ಲಾಡದ ಒಂದು ಕಾರಿತ್ತು. ಉದ್ದ, ಹಸಿರು, ಮೇಲೆ ಬೂದುಬಟ್ಟೆಯ ಹೊದಿಕೆ. ಅದು ನನ್ನ ತಾತ ಕ್ಲೋವಿಸ್‌ನದು. ತಾತ ಬಂದರಿನಲ್ಲಿ ಹಗ್ಗ ಕಟ್ಟುವ ಕೆಲಸದವನು. ಒಂದು ಮಂಗಳವಾರ ಏಡಿ ತರಲು ಹೋಗಿ ಬಂದು ಕಾರು ನಿಲ್ಲಿಸಿದ, ಗುರುವಾರ ತೀರಿಹೋದ. ಅವನ ಸೀಟು ಅವನು ಹಿಂದಕ್ಕೆ ತಳ್ಳಿಕೊಂಡಿದ್ದ ಹಾಗೆಯೇ ಇದೆ, ಕನ್ನಡಿ ಅವನ ಕಣ್ಣಿನ ಎತ್ತರಕ್ಕೇ ತಿರುಗಿದೆ. ಹದಿನಾರರಲ್ಲಿ ನಾನೊಮ್ಮೆ ಆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಕೈ ಚಾಚಿದ್ದಕ್ಕೆ ಅಜ್ಜಿ ಚಪ್ಪಲಿಯಲ್ಲಿ ಬಾರಿಸಿದ್ದಳು. ಕನ್ನಡಿ ಅಲುಗುವ ಮೊದಲೇ ಏಟು ಬಿದ್ದಿತ್ತು.

ಭಾನುವಾರ ಚರ್ಚಿನಿಂದ ಬಂದವಳೇ ಅಜ್ಜಿ ಹೊದಿಕೆ ಸರಿಸಿ, ಪಕ್ಕದ ಬಾಗಿಲು ತೆಗೆದು, ನಲವತ್ತೊಂದು ವರ್ಷ ಕೂತಿದ್ದ ತನ್ನ ಜಾಗದಲ್ಲಿ ಕೂತು, ಅರ್ಧ ಗಂಟೆ ತಾತನಿಗೆ ವಾರದ ಸುದ್ದಿ ಒಪ್ಪಿಸುತ್ತಿದ್ದಳು. ಯಾರು ಸತ್ತರು, ಯಾರು ಬೇಗ ಸಾಯಬೇಕಿತ್ತು, ತಾಳೆಮರ ಏನು ಮಾಡಿತು. ಆ ಸೀಟು ಒಂದಿಂಚು ಮುಂದೆ ಬಂದರೂ ತಾತ ಕಾಲು ಚಾಚಲು ಜಾಗವಿಲ್ಲದೆ ಎದ್ದುಹೋಗುತ್ತಾನೆ ಎಂದೇ ಅವಳು ತಿಳಿದಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ. ಈಗಲೂ ಇಲ್ಲವೆನ್ನಲಾರೆ. ನೆರೆಯವರೆಲ್ಲ ಹಳಬರು, ಆ ಕಾರಿನ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ. ದೂರಿಲ್ಲದೆ ಇನ್‌ಸ್ಪೆಕ್ಟರ್ ಬರುವುದಿಲ್ಲ.

ಆ ಭಾನುವಾರವೂ ಕಾರಿನಿಂದಿಳಿದು ಬಂದು, ಕಾಫಿ ಹಿಡಿದು, ಅಜ್ಜಿ ನೂರ ನಲವತ್ನಾಲ್ಕನೆಯದನ್ನು ಶುರು ಮಾಡಿದಳು.

"ಬರ್ಕೋ. ಒಂದು ಮುದಿ ಗಾಡಿ ನಿಂತಿದೆ. ಮೈಮೇಲೆ ಹರಕು ಹೊದಿಕೆ. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಅದ್ರೊಳಗೆ ಒಬ್ಬಳು ಕೂತ್ಕೊಂಡು ತನ್ನಷ್ಟಕ್ಕೆ ತಾನೇ ಮಾತಾಡ್ತಾಳೆ."

"ಹುಂಜದ ಜೊತೆ ಮಾತಾಡೋದು ಅಜ್ಜಿ ಅವಳು."

"ಹುಂಜ ತಿರುಗಿ ಮಾತಾಡತ್ತಾ? ಇಲ್ವಲ್ಲ. ಬರಿ ಸುಮ್ನೆ. ಹೆಸ್ರು ಗುಟ್ಟಾಗಿರ್ಲಿ ಅಂತ ಒತ್ತು."

ನಾನು ಒತ್ತಿದೆ. ಹೊರಗೆ ಮಂಜು ಕ್ರೇನುಗಳ ಕತ್ತು ನೆಕ್ಕುತ್ತ ಇಳಿಯುತ್ತಿತ್ತು, ನನ್ನ ಮನಸ್ಸು ಅಲ್ಲಿತ್ತು. ಇನ್ನೂ ಅಕ್ಷರ ಉಳಿದಿದ್ದವೆಂದು ಒಂದು ಸಾಲು ನನ್ನ ಕೈಯಿಂದ ಸೇರಿಸಿದೆ: "ಅದು ಊರಿನ ಗಂಟೆಯನ್ನು ನುಂಗಿ ಮಲಗಿದ ಮೃಗದಂತಿದೆ." ಗಾಡಿಯ ಬಣ್ಣ, ನಂಬರು ಕೇಳುವ ಜಾಗ ಖಾಲಿ ಬಿಟ್ಟೆ. ವಿಳಾಸದ ಜಾಗದಲ್ಲಿ ಫೋನು ತಾನೇ ನಮ್ಮ ಮನೆಯ ನಂಬರು ತುಂಬಿಕೊಂಡಿತ್ತು, ತಿದ್ದಲಿಲ್ಲ. ಎಲ್ಲಕ್ಕಿಂತ ದೊಡ್ಡದು, ನಾಳೆ ಸೋಮವಾರ ಮೆರವಣಿಗೆಯ ದಿನವೆಂಬುದನ್ನು ಮರೆತೆ.

ಸೋಮವಾರ ಒಂಬತ್ತಕ್ಕೆ ಎದುರು ಸಾಲೆಲ್ಲ ಕೂಗಾಡುತ್ತ ಆಲ್ಡರ್ ಬೀದಿಗೆ ಹೋಯಿತು. ಹತ್ತಕ್ಕೆ ಇನ್‌ಸ್ಪೆಕ್ಟರ್ ಅಬಾದ್ ಬಂದ. ದುಂಡು ಮುಖದ, ಬಹಳ ಮರ್ಯಾದೆಯ ಮನುಷ್ಯ. ಖಾಲಿ ಗೋಡೆ ನೋಡಿದ. ಕೈಯಲ್ಲಿದ್ದ ದೂರು ನೋಡಿದ. ನಮ್ಮ ಮನೆಯ ನಂಬರು ನೋಡಿದ. ಆಮೇಲೆ ತಾತನ ಕಾರಿನ ಹೊದಿಕೆಯ ಅಂಚು ಎತ್ತಿ, ಟೈರಿನ ಸುತ್ತ ಬೆಳೆದು ಹೂಬಿಟ್ಟಿದ್ದ ಕಳೆಯನ್ನು ನೋಡಿ, ಜೇಬಿನಿಂದ ಸೀಮೆಸುಣ್ಣ ತೆಗೆದ.

ಅಜ್ಜಿ ಮೆಟ್ಟಿಲು ಇಳಿದ ವೇಗಕ್ಕೆ ಅವಳ ಮಂಡಿನೋವು ಮೇಲೆಯೇ ಉಳಿದುಬಿಟ್ಟಿತು.

"ಏಯ್! ಅದು ನನ್ ಕಾರು!"

"ಒಳ್ಳೇದಾಯ್ತು ಮೇಡಂ. ಇದು ಕೊನೇ ಸಲ ಅಲ್ಲಾಡಿದ್ದು ಯಾವಾಗ?"

"ಅದು ವಿಶ್ರಾಂತಿ ತಗೋತಾ ಇದೆ."

"ಎಷ್ಟು ದಿನದಿಂದ?"

ಅಜ್ಜಿ ಏಳು ವರ್ಷ ಎನ್ನುವುದನ್ನು ನುಂಗಿಕೊಂಡಳು. "ಯಾರು ಹೇಳಿದ್ದು ನಿಮ್ಗೆ?"

ಅಬಾದ್ ದೂರನ್ನು ಗಟ್ಟಿಯಾಗಿ ಓದಿದ. ಮುದಿ ಗಾಡಿ. ಹರಕು ಹೊದಿಕೆ. ಒಳಗೆ ಕೂತು ತನ್ನಷ್ಟಕ್ಕೆ ತಾನೇ ಮಾತಾಡುವವಳು. ಓದುತ್ತ ಓದುತ್ತ ಅಜ್ಜಿಯ ಬೂಟು, ಕಾರಿನ ಪಕ್ಕದ ಬಾಗಿಲಿನ ಬಳಿ ಸವೆದ ಹುಲ್ಲು, ಎರಡನ್ನೂ ನೋಡಿ ಪಾಪ ಅವನೇ ಕೆಂಪಾದ. ಅಜ್ಜಿ ತನ್ನ ಮಾತುಗಳನ್ನು ಒಂದೊಂದಾಗಿ ಗುರುತು ಹಿಡಿಯುತ್ತಿದ್ದಳು. ಗಂಟೆ ನುಂಗಿದ ಮೃಗ ಬಂದಾಗ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಇದನ್ನ ಬರ್ದೋರು ಯಾರು?" ಅಂದಳು, ನನ್ನನ್ನೇ ನೋಡುತ್ತ.

"ಹೆಸರು ಗುಟ್ಟು ಮೇಡಂ. ಹೇಳೋ ಹಾಗಿಲ್ಲ."

"ಯಾವಳೋ ಹೊಟ್ಟೆಕಿಚ್ಚಿನ ಮುಂಡೇದು. ಕೈ ಸೇದಿಹೋಗ್ಲಿ ಅವಳದು."

"ಗುರುವಾರ ಹತ್ತು ಗಂಟೆ ಒಳಗೆ ಈ ಬೀದಿ ಬಿಟ್ಟು ಬೇರೆ ಕಡೆ ಹೋಗ್ಬೇಕು ಮೇಡಂ. ಇಲ್ದಿದ್ರೆ ಎತ್ಕೊಂಡು ಹೋಗ್ತಾರೆ. ನಾನು ಬರ್ತೀನಿ," ಎಂದು ಗಾಜಿಗೆ ಕಿತ್ತಳೆ ಚೀಟಿ ಅಂಟಿಸಿ, ಹೊದಿಕೆಯನ್ನು ಮತ್ತೆ ಮಡಿಕೆ ಬೀಳದಂತೆ ಹೊದಿಸಿ ಅಬಾದ್ ಹೋದ.

ಒಳಗೆ ಹೋದ ಮೇಲೆ ಅಜ್ಜಿ ಬೈಯಲಿಲ್ಲ. ಚಪ್ಪಲಿಯನ್ನೂ ಹುಡುಕಲಿಲ್ಲ. ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಣ್ಣಗಾಗಲು ಬಿಟ್ಟಳು. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಮಂಗಳವಾರ ಒಬ್ಬ ಮೆಕ್ಯಾನಿಕ್ ಬಂದ. ಇಂಜಿನ್ ಕಚ್ಚಿಕೊಂಡಿದೆ, ಏನು ಮಾಡಿದರೂ ಏಳುವುದಿಲ್ಲ, ನೂಕಿಕೊಂಡೇ ಹೋಗಬೇಕು ಎಂದ. ತಾನೇ ಸ್ಟೀರಿಂಗ್ ಹಿಡಿಯುತ್ತೇನೆ, ನಾಲ್ಕು ಜನ ಕರೆಸಿ ಎಂದ. ಗುಂಡು ಗುಂಡಾಗಿ ಕುಳ್ಳಗಿದ್ದ. ಬಾಗಿಲು ತೆಗೆದು ಸೀಟಿನ ಕೆಳಗಿನ ಹಿಡಿಗೆ ಕೈ ಹಾಕಿದ.

"ಸೀಟ್ ಮುಟ್ಬೇಡ," ಅಂದಳು ಅಜ್ಜಿ.

"ಅಮ್ಮ, ಬ್ರೇಕು ಅಷ್ಟು ದೂರ ಇದೆ. ನನ್ ಕಾಲು ಇಷ್ಟೇ ಇರೋದು."

"ಹಾಗಾದ್ರೆ ಉದ್ದ ಕಾಲಿರೋರನ್ನ ಕಳ್ಸು."

"ನಂ ಅಂಗಡೀಲಿ ಇರೋದು ನಾನೊಬ್ನೇ ಅಮ್ಮ."

"ಹಾಗಾದ್ರೆ ಹೋಗು."

ಅವನು ಹೋದ. ಚರ್ಚಿನ ಹಾಡುಗಾರರಲ್ಲಿ ಎತ್ತರದವನು ಒಬ್ಬನಿದ್ದ, ಅವನಿಗೆ ಬೆನ್ನು ನೋವು. ನನ್ನ ಕಾಲು ಪೆಡಲಿನಿಂದ ಒಂದು ಗೇಣು ದೂರದಲ್ಲಿ ಜೋಲಾಡುತ್ತದೆ, ಮೇಲಾಗಿ ನನಗೆ ಲೈಸೆನ್ಸೂ ಇಲ್ಲ. ಬುಧವಾರ ಮಧ್ಯಾಹ್ನ ಅಜ್ಜಿ ಕಾರಿನಲ್ಲಿ ಹೋಗಿ ಕೂತಳು. ಭಾನುವಾರ ಬಿಟ್ಟು ಬೇರೆ ದಿನ ಅವಳು ಕೂತದ್ದು ಅದೇ ಮೊದಲು. ಕಿಟಕಿಯಿಂದ ನೋಡಿದೆ, ತುಟಿ ಅಲುಗುತ್ತಿರಲಿಲ್ಲ.

ನಾನು ಒಂದು ಪಾತ್ರೆಗೆ ಅಜ್ಜಿಯ ಕೆಂಪು ಕಾಳಿನ ಸಾರು, ಅನ್ನ ಹಾಕಿಕೊಂಡು ಆಲ್ಡರ್ ಬೀದಿಗೆ ಹೋದೆ.

ಟ್ವೈಲಾ ಮನೆಗಾಡಿಯ ಮೆಟ್ಟಿಲ ಮೇಲೆ ಕೂತು ಹುಂಜದ ಕಾಲಿನ ಉಗುರು ಕತ್ತರಿಸುತ್ತಿದ್ದಳು. ಹುಂಜ ಗೌರವಸ್ಥರ ಹಾಗೆ ಕಣ್ಣು ಮುಚ್ಚಿತ್ತು.

"ಏನಮ್ಮ ಡೆಲ್ಫೀನ್," ಅಂದಳು. ನನ್ನ ಹೆಸರು ಅವಳಿಗೆ ಗೊತ್ತಿದ್ದದ್ದೇ ನನಗೆ ಆಶ್ಚರ್ಯ. "ಮಿಸ್ ಕಿಟಕಿ ಕಳಿಸಿದ್ಳಾ? ವಿಷ ಹಾಕಿದ್ಯಾ ಇದ್ರಲ್ಲಿ?"

"ಖಾರ ಮಾತ್ರ. ಅವಳಿಗೆ ಗೊತ್ತಿಲ್ಲ, ನಾನೇ ಬಂದೆ."

ನಾನು ಎಲ್ಲ ಹೇಳಿದೆ. ದೂರು ಅವಳ ಮೇಲೆಯೇ ಬರೆದದ್ದೆಂದೂ ಹೇಳಿದೆ. ಅವಳು ನಗುತ್ತ ನಗುತ್ತ ಹುಂಜವನ್ನು ಕೈಬಿಟ್ಟಳು. ಅದು ಒಂದೇ ಕಾಲಿನ ಉಗುರು ಕತ್ತರಿಸಿಕೊಂಡು ಸೋಫಾದ ಕೆಳಗೆ ಓಡಿತು.

"ಗಂಟೆ ನುಂಗಿದ ಮೃಗ! ಅದನ್ನ ನನ್ನ ಗಾಡಿಗೆ ಬರ್ದಿದ್ದಾ? ಚೆನ್ನಾಗಿದೆ. ನನ್ನ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಬರ್ದಿರ್ಲಿಲ್ಲ." ಆಮೇಲೆ ಸೀಟಿನ ವಿಷಯ ಬಂದಾಗ ನಗು ನಿಲ್ಲಿಸಿದಳು. ಪಾತ್ರೆ ಎಳೆದುಕೊಂಡು ಅನ್ನ ಕಲಸತೊಡಗಿದಳು.

"ಎಷ್ಟುದ್ದ ಇದ್ದ ನಿಮ್ ತಾತ?"

"ಆರಡಿ ಎರಡೂವರೆ ಇಂಚು."

ಅವಳು ಎದ್ದು ನಿಂತಳು. ಅವಳ ಭಾರ ಇಳಿದು ಮನೆಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟಿತು. "ನಂದು ಎರಡು. ಮಿಕ್ಕ ಅರ್ಧ ಇಂಚು ಕೂದ್ಲಲ್ಲಿ ಸರಿಮಾಡ್ಕೋತೀನಿ. ಆದ್ರೆ ಅವಳೇ ಬಂದು ಕೇಳ್ಬೇಕು. ಎರಡು ವರ್ಷ ಕಿಟಕಿಯಿಂದ ನೋಡಿದಾಳೆ, ಒಂದ್ಸಲ ಬಾಗ್ಲಿಂದ ಬರ್ಲಿ. ಕಾಫಿ ತರ್ಲಿ. ಆ ವಾಸನೆ ದಿನಾ ಬೆಳಿಗ್ಗೆ ರಸ್ತೆ ದಾಟಿ ಬಂದು ನನ್ನನ್ನ ಸಾಯಿಸತ್ತೆ. ಅದ್ರ ಮೇಲೆ ನಾನು ದೂರು ಕೊಟ್ಟಿದೀನಾ?"

ಮನೆಗೆ ಬಂದು ಹೇಳಿದೆ. ಅಜ್ಜಿ "ಸಾಯ್ಲಿ" ಎಂದಳು. ಯಾರು ಎಂದು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಜ್ಜಿ ನೇರಳೆ ಬಣ್ಣದ ಚರ್ಚಿನ ಟೋಪಿ ಹಾಕಿಕೊಂಡು ಅಡುಗೆಮನೆಗೆ ಬಂದಳು. ಫ್ಲಾಸ್ಕಿಗೆ ಕಾಫಿ ತುಂಬಿ, ಕೊರಳಿನ ಸರದಲ್ಲಿ ಶಿಲುಬೆಯ ಜೊತೆ ತೂಗುತ್ತಿದ್ದ ಕಾರಿನ ಕೀಲಿಯನ್ನು ಮುಟ್ಟಿ ನೋಡಿಕೊಂಡು, ಮೂಲೆ ತಿರುಗಿ ಆಲ್ಡರ್ ಬೀದಿಗೆ ನಡೆದಳು. ನಾನು ಹಿಂದೆ. ಅಲ್ಲಿ ಎಲ್ಲರೂ ಆಗಲೇ ಎದ್ದಿದ್ದರು. ಅವರದೂ ಅವತ್ತು ಮೆರವಣಿಗೆಯ ದಿನ, ವಾಪಸ್ಸು ಬರುವ ಸರದಿ.

ಅಜ್ಜಿ ಮನೆಗಾಡಿಯ ಮುಂದೆ ನಿಂತು ಶುರು ಮಾಡಿದಳು. "ನಿನ್ನ ಹುಂಜ ಬೆಳಗಿನ ಜಾವ ನಾಲ್ಕಕ್ಕೆ ಕೂಗತ್ತೆ."

"ನಾಲ್ಕೂಮುಕ್ಕಾಲು, ಮಿಸ್ ಕಿಟಕಿ. ಸರ್ಕಾರಕ್ಕೆ ಸುಳ್ಳು ಬರೀಬಾರ್ದು."

"ನೀನು ದೀಪದ ಕಂಬದ ಮೇಲೆ ಒಳಉಡುಪು ಒಣಗಿಸ್ತೀಯ."

"ದೀಪ ಕೆಟ್ಟಿದೆ ಅಂತ ನೀನು ದೂರು ಕೊಟ್ಟಿಲ್ಲ. ಕೊಟ್ಟಿದ್ರೆ ಉರೀತಿತ್ತು, ನಾನು ಒಣಗಿಸ್ತಿರ್ಲಿಲ್ಲ."

ನೂಕುವವರೆಲ್ಲ ಕೈಕಟ್ಟಿ ಗೋಡೆಗೊರಗಿ ನೋಡುತ್ತಿದ್ದರು. ಅಜ್ಜಿಯ ಟೋಪಿಯ ಗರಿ ನಡುಗುತ್ತಿತ್ತು. ಕೋಪವೋ ಗಾಳಿಯೋ ತಿಳಿಯಲಿಲ್ಲ.

"ನನ್ ಗಂಡನ ಜಾಗದಲ್ಲಿ ಬಂದು ಕೂತ್ಕೋ ಅಂತ ಇನ್ನೊಬ್ಬಳನ್ನ ನಾನೇ ಕರಿಯೋ ಹಾಗಾಯ್ತಲ್ಲ," ಎಂದಳು ಕೊನೆಗೆ. "ನಲವತ್ತೊಂದು ವರ್ಷ ಚರ್ಚಿನ ಹೆಂಗಸ್ರನ್ನೆಲ್ಲ ಆ ಕಾರಿಂದ ದೂರ ಇಟ್ಟಿದ್ದೆ. ಬಾ. ಸೀಟು ಮುಟ್ಬೇಡ. ಕನ್ನಡಿ ಮುಟ್ಬೇಡ. ಹಾಡು ಹಾಡ್ಬೇಡ." ಫ್ಲಾಸ್ಕ್ ಮುಂದೆ ಚಾಚಿದಳು.

ಟ್ವೈಲಾ ಮುಚ್ಚಳ ತೆಗೆದು ಅಲ್ಲೇ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಹಾಡೋದ್ರ ಬಗ್ಗೆ ಮಾತು ಕೊಡಲ್ಲ," ಎಂದಳು.

ಒಂಬತ್ತೂಕಾಲಕ್ಕೆ ಹೊದಿಕೆ ತೆಗೆದರು. ಕೋಬ್ ಎಂಬ ವ್ಯಾನಿನವನು ಕಾಲಲ್ಲಿ ಒತ್ತುವ ಪಂಪಿನಿಂದ ನಾಲ್ಕು ಟೈರಿಗೂ ಗಾಳಿ ತುಂಬಿಸಿದ. ಪ್ರತಿ ಟೈರೂ ಒಂದೊಂದು ಬೈಗುಳ ಕೇಳಿಸಿಕೊಂಡೇ ಎದ್ದಿತು. ಟ್ವೈಲಾ ಬೂಟು ಬಿಚ್ಚಿ ಹೊರಗಿಟ್ಟಳು. ಯಾರೂ ಹೇಳಿರಲಿಲ್ಲ. ಬಾಗಿಲು ತೆಗೆದು, ಸೀಟನ್ನು ಒಂದಿಷ್ಟೂ ಅಲುಗಿಸದೆ ಬಗ್ಗಿ ಒಳಗೆ ಕೂತಳು. ಅವಳ ಮಂಡಿ ಸ್ಟೀರಿಂಗಿನ ಕೆಳಗೆ ಸರಿಯಾಗಿ ಹೋಯಿತು, ಕಾಲು ಬ್ರೇಕಿನ ಮೇಲೆ ಸರಿಯಾಗಿ ಕೂತಿತು. ಅಜ್ಜಿ ಪಕ್ಕದ ಬಾಗಿಲಿನಿಂದ ಹತ್ತಿ, ಮುಖ ಆಚೆ ಮಾಡಿಕೊಂಡೇ ಕೀಲಿ ಕೊಟ್ಟಳು. ಟ್ವೈಲಾ ಕನ್ನಡಿಯನ್ನು ನೋಡಿದಳು. ಕೈ ಎತ್ತಲಿಲ್ಲ.

"ಹಿಂದಿನ ರಸ್ತೆ ಪೂರ್ತಿ ಕಾಣತ್ತೆ," ಎಂದಳು. "ಹೀಗೆ ಕನ್ನಡಿ ಇಟ್ಕೊಳ್ಳೋಕೆ ಎಲ್ರಿಗೂ ಬರಲ್ಲ. ಡ್ರೈವರ್ ಅಂದ್ರೆ ನಿನ್ ಗಂಡ."

ಅಜ್ಜಿ ಟೋಪಿಯನ್ನು ಸರಿಮಾಡಿಕೊಂಡಳು.

ನಾವು ಐದು ಜನ ಹಿಂದಿನಿಂದ ನೂಕಿದೆವು. ಏಳು ವರ್ಷದ ಕಳೆ ಚಕ್ರದಿಂದ ಪಟಪಟ ಕಿತ್ತುಬಂತು. ಕಾರು ಮೊದಲು ಮುಲುಗಿತು, ಆಮೇಲೆ ಯೋಚಿಸಿತು, ಆಮೇಲೆ ಹೊರಟಿತು. ತೆರೆದ ಕಿಟಕಿಯಿಂದ ಅಜ್ಜಿಯ ದನಿ ಕೇಳತೊಡಗಿತು.

"ನಿಧಾನ. ಎಡಕ್ಕೆ. ಎಡಕ್ಕೆ ಅಂದೆ. ಆ ಗುಂಡಿ ನೋಡು."

"ಇಪ್ಪತ್ತೆರಡು ವರ್ಷ ಬಸ್ ಓಡಿಸಿದೀನಿ. ಡ್ರೈವರ್ ಜೊತೆ ಮಾತಾಡ್ಬಾರ್ದು ಅಂತ ಬೋರ್ಡ್ ಇರ್ತಿತ್ತು."

"ನಂ ಕಾರಲ್ಲಿ ಬೋರ್ಡ್ ಇಲ್ಲ. ಕ್ಲೋವಿಸ್ ಯಾವತ್ತೂ ಗುಂಡಿ ಮೇಲೆ ಹೋಗ್ತಿರ್ಲಿಲ್ಲ."

"ನಿನ್ನ ಬಾಯಿಗೆ ಹೆದರಿ ಹೋಗ್ತಿರ್ಲಿಲ್ಲ. ಮುಂದಿನ ಸ್ಟಾಪ್, ಕೆಟ್ಟುಹೋದ ದೀಪದ ಕಂಬ! ಇಳಿಯೋರು ಇಳೀರಿ!"

ಮೂಲೆ ತಿರುಗಿದ ಮೇಲೆ ಆಲ್ಡರ್ ಬೀದಿ ಇಳಿಜಾರು. ನೂಕುತ್ತಿದ್ದ ನಮಗೆ ಅದು ನೆನಪಾದದ್ದು ಕಾರು ನಮ್ಮ ಕೈಯಿಂದ ಜಾರಿದ ಮೇಲೆ. ಹಸಿರು ಕಾರು ತಾನೇ ತಾನಾಗಿ, ಸದ್ದಿಲ್ಲದೆ, ಬಾಲ ಉದ್ದ ಮಾಡಿಕೊಂಡು ಓಡಿತು. ಐದು ಜನ ಕಿರುಚುತ್ತ ಹಿಂದೆ ಓಡಿದೆವು. ಕೋಬ್ ಪಂಪನ್ನೂ ಎತ್ತಿಕೊಂಡೇ ಓಡುತ್ತಿದ್ದ. ಒಳಗಿನಿಂದ ಒಂದು ಕೂಗು ಬಂತು. ಅಯ್ಯೋ ಎಂದುಕೊಂಡೆ. ಇನ್ನೂ ಹತ್ತಿರ ಹೋದಾಗ ತಿಳಿಯಿತು, ಅಜ್ಜಿ ನಗುತ್ತಿದ್ದಳು. ನಾನು ಆ ನಗು ಕೇಳಿ ಎಷ್ಟು ವರ್ಷವಾಗಿತ್ತೆಂದರೆ ಮೊದಲು ಅದನ್ನು ಅಳು ಎಂದೇ ತಿಳಿದಿದ್ದೆ.

ಟ್ವೈಲಾ ಬ್ರೇಕನ್ನು ಒತ್ತಿದಳು, ಅದು ನೆಲ ಮುಟ್ಟಿತು. ಬಿಟ್ಟು ಬಿಟ್ಟು ಒತ್ತಿದಳು, ಚಕ್ರವನ್ನು ಮೆಲ್ಲಗೆ ಪಾದಚಾರಿ ಕಟ್ಟೆಗೆ ಒರೆಸಿದಳು, ಕೊನೆಗೆ ಕೈಬ್ರೇಕ್ ಎಳೆದಳು. ಕಾರು ಮನೆಗಾಡಿಯ ಬೆನ್ನಿಗೆ ಒಂದು ಮೊಳ ಬಿಟ್ಟು ನಿಂತಿತು. ಅಜ್ಜಿಯ ಟೋಪಿ ಮುಂದಿನ ಗಾಜಿಗೆ ತಗುಲಿ ಮೂಗಿನ ಮೇಲೆ ಬಂದಿತ್ತು.

ನಾನು ಏದುಸಿರು ಬಿಡುತ್ತ ಕಿಟಕಿಗೆ ಬಂದೆ. ಸೀಟು ನೋಡಿದೆ. ಇದ್ದಲ್ಲೇ ಇತ್ತು. ಕನ್ನಡಿ ನೋಡಿದೆ. ಇದ್ದ ಹಾಗೇ ಇತ್ತು. ಟ್ವೈಲಾ ಎರಡು ಕೈಯನ್ನೂ ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತಿದ್ದಳು. ಇಳಿಯುವ ಅವಸರ ಅವಳಿಗೂ ಇರಲಿಲ್ಲ, ಇಳಿ ಎಂದು ಅಜ್ಜಿಯೂ ಹೇಳಲಿಲ್ಲ.

"ಭಾನುವಾರ ನಾನು ಅರ್ಧ ಗಂಟೆ ಇಲ್ಲಿಗೇ ಬರ್ತೀನಿ," ಎಂದಳು ಅಜ್ಜಿ, ಟೋಪಿಯ ಒಳಗಿನಿಂದ. "ಆಗ ಹುಂಜ ಬಾಯಿ ಮುಚ್ಕೊಂಡಿರ್ಬೇಕು."

"ಅದಕ್ಕೆ ಹೇಳಿ ನೋಡ್ತೀನಿ. ತಿರುಗಿ ಮಾತಾಡಲ್ಲ ಅದು." ಟ್ವೈಲಾ ಫ್ಲಾಸ್ಕಿನ ಕಡೆ ಕೈ ಚಾಚಿದಳು. "ಮತ್ತೆ ಭಾನುವಾರವೇ ಮೆರವಣಿಗೆ ಬರತ್ತೆ. ಈ ಹಸಿರು ಮುದುಕನನ್ನ ವಾಪಸ್ ನಿಮ್ ಮನೆ ಕಡೆ ಯಾರು ಕರ್ಕೊಂಡು ಹೋಗ್ತಾರೆ?"

"ಏರು ದಾರಿ," ಎಂದ ಕೋಬ್ ಹಿಂದಿನಿಂದ ನರಳುತ್ತ.

"ನೀನೇ," ಎಂದಳು ಅಜ್ಜಿ ಟ್ವೈಲಾಗೆ. "ನಿನ್ನ ಬಿಟ್ರೆ ಇನ್ಯಾರಿಗೆ ಕಾಲು ತಾಗತ್ತೆ?"

ಆಗ ನನ್ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಸರಿಯಾಗಿ ಹತ್ತು ಗಂಟೆ. ಕ್ವಿನ್ಸ್ ಬೀದಿಯಲ್ಲಿ ನಮ್ಮ ಮನೆಯ ಮುಂದೆ, ಕಾರಿನ ಆಕಾರದ ಒಣ ನೆಲದ ಪಕ್ಕ ಅಬಾದ್ ನಿಂತಿರಬೇಕು.

"ಏನಂತೆ?" ಎಂದಳು ಅಜ್ಜಿ.

"ವಾಹನ ಸ್ಥಳದಲ್ಲಿಲ್ಲ. ದೂರು ಮುಗಿದಿದೆ. ಎಷ್ಟು ನಕ್ಷತ್ರ ಕೊಡ್ತೀರಿ ಅಂತ ಕೇಳ್ತಿದಾರೆ."

ಅಜ್ಜಿ ಟೋಪಿಯನ್ನು ಮೂಗಿನಿಂದ ಮೇಲೆತ್ತಿ, ಪಕ್ಕದ ಸೀಟಿನ ಕಡೆ ಒಮ್ಮೆ ನೋಡಿದಳು. ಅಲ್ಲಿ ಮಂಡಿ ಸರಿಯಾಗಿ ಮಡಿಸಿ, ತಲೆ ಚಾವಣಿಗೆ ತಗುಲಿಸಿಕೊಂಡು, ಯಾರೋ ಉದ್ದಕ್ಕಿರುವವರು ಕಾಫಿ ಕುಡಿಯುತ್ತಿದ್ದರು.

"ಎರಡು ಕೊಡು," ಎಂದಳು. "ಆ ಗುಂಡಿ ತಪ್ಪಿಸಿದ್ದಿದ್ರೆ ಮೂರು ಕೊಡ್ತಿದ್ದೆ."